ಮಾರ್ಚ್ ಎಂಡ್, ಜಾತ್ರೆ, ಹೊಸ ಸಾಫ್ಟ್‌ವೇರ್: ನಮ್ಮ ಸೊಸೈಟಿಯ ಒಂದು ಪ್ರಕರಣ

ರಜೆ ಅರ್ಜಿ ನನ್ನ ಮೇಜಿನ ಮೇಲೆ, ಗಾಜಿನ ಗುಂಡಿನ ಅಡಿಗೆ ಇತ್ತು. ಎರಡೇ ಸಾಲು. ಆರೋಗ್ಯ ಸರಿಯಿಲ್ಲ, 15 ದಿನ ರಜೆ ಬೇಕು. ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ. 31 ವರ್ಷದಿಂದ ನಮ್ಮ ಸಾಲದ ಖಾತೆ ಪುಸ್ತಕಗಳಲ್ಲಿ ಕಾಣುತ್ತಿದ್ದ ಅದೇ ದುಂಡು ಅಕ್ಷರ.

2024ರ ಮಾರ್ಚ್ ಎರಡನೇ ವಾರ ಅದು. ಮಾರ್ಚ್‌ನಲ್ಲಿ ಸೊಸೈಟಿಯ ಲೆಕ್ಕಿಗ ರಜೆ ಕೇಳೋದು ಅಂದರೆ, ಕೊಯ್ಲಿನ ದಿನ ಬೆಳಿಗ್ಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದು ‘ಇವತ್ತು ಮರ ಹತ್ತೋದಿಲ್ಲ’ ಅಂದ ಹಾಗೆ. ನನಗೆ ಮೊದಲು ಬಂದದ್ದು ಸಿಟ್ಟು. ಇಂಥ ಹೊತ್ತಲ್ಲಿ ಕೈ ಕೊಟ್ಟರಲ್ಲ ಅಂತ. ಸಂಜೆ ಹೊತ್ತಿಗೆ ಸಿಟ್ಟು ಇಳಿಯಿತು, ಹೆದರಿಕೆ ಹತ್ತಿತು. ರಾತ್ರಿ ಮಲಗಿದ ಮೇಲೆ ಬೇರೆ ಒಂದು ಯೋಚನೆ ಶುರುವಾಯಿತು: ಇದನ್ನು ನಾನೇ ಬರೆಸಿದೆನಾ?

ಹೌದು, ನಾನೇ ಬರೆಸಿದ್ದು. ಹೇಗೆ ಅಂತ ಒಪ್ಪಿಸೋದಕ್ಕೇ ಈ ಬರಹ.

ನಮ್ಮ ಆಫೀಸು

ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಒಂದು ಸೇವಾ ಸಹಕಾರಿ ಸಂಘ. ಹೆಸರು ಬೇಡ. ಸರ್ಕಾರಿ ಭಾಷೆಯಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಊರವರ ಬಾಯಲ್ಲಿ ಸೊಸೈಟಿ. ನನ್ನ ಹುದ್ದೆ ಕಾಗದದಲ್ಲಿ ಮುಖ್ಯ ಕಾರ್ಯನಿರ್ವಾಹಕ, ಊರಲ್ಲಿ ಸೆಕ್ರೆಟ್ರಿ. ನನ್ನನ್ನೂ ಸೇರಿಸಿ ಏಳು ಜನ. ಲೆಕ್ಕ ನೋಡುವವರು ಒಬ್ಬರು, ಕ್ಯಾಶ್ ಅಕ್ಕ, ಕಂಪ್ಯೂಟರ್ ನೋಡುವ ಹುಡುಗಿ, ಕಿರಾಣಿ ವಿಭಾಗದಲ್ಲಿ ಇಬ್ಬರು, ಗೊಬ್ಬರದ ಗೋದಾಮಿಗೆ ಒಬ್ಬ.

ಲೆಕ್ಕದವರನ್ನು ಆಫೀಸಿನಲ್ಲಿ ಎಲ್ಲರೂ ‘ಭಾವ’ ಅಂತಲೇ ಕರೆಯೋದು. ನನಗೆ ಸಂಬಂಧದಲ್ಲಿ ಭಾವ ಅಲ್ಲ. ನಾನು ಸೇರುವ ಮೊದಲೇ ಅವರಿಗೆ ಆ ಹೆಸರು ಬಿದ್ದಿತ್ತು. ನಿವೃತ್ತಿಗೆ ಎರಡು ವರ್ಷ ಬಾಕಿ. ಪುಸ್ತಕ ತೆಗೆಯದೆ ಬಾಕಿ ಹೇಳುವವರು. ಕೌಂಟರಿಗೆ ಬಂದವರ ಮುಖ ನೋಡಿ, ‘ನಿಮ್ಮದು ಅಸಲು ಎರಡು ಲಕ್ಷದ ಎಂಬತ್ತು, ಏಪ್ರಿಲ್ ಹತ್ತರ ಒಳಗೆ ತುಂಬಿ’ ಅನ್ನೋರು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅಷ್ಟೇ ಇರೋದು.

ಈ ತಾರೀಕಿನ ವಿಷಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ಸಹಕಾರ ಸಂಘದ ಬೆಳೆಸಾಲಕ್ಕೆ ರೈತನಿಗೆ ಬಡ್ಡಿ ಇಲ್ಲ. 2023ರ ಬಜೆಟ್‌ನಲ್ಲಿ ಆ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಹೇಳಿದ ದಿನದೊಳಗೆ ತುಂಬಿದರೆ ಮಾತ್ರ. ಒಂದು ದಿನ ತಪ್ಪಿದರೂ ಶೂನ್ಯ ಬಡ್ಡಿ ಹೋಯಿತು. ಹಾಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಡಿಕೆ ಕೊಯ್ದು, ಸುಲಿದು, ಬೇಯಿಸಿಯೋ ಒಣಗಿಸಿಯೋ ಪೇಟೆಗೆ ಹಾಕಿ, ಬಂದ ದುಡ್ಡನ್ನು ತಂದು ತುಂಬೋದು. ಕೂಡಲೇ ಹೊಸ ಸಾಲ ಎತ್ತೋದು. ಮನೆ ಅಡಿಕೆ ಇನ್ನೂ ಮಾರದವರು ನೆಂಟರ ಹತ್ತಿರ ಎರಡು ದಿನದ ಕೈಗಡ ತಂದಾದರೂ ತುಂಬುತ್ತಾರೆ. ಆ ತಾರೀಕು ಜನರ ನಿದ್ದೆಗೆಡಿಸುವ ವಸ್ತು. ಆ ತಾರೀಕನ್ನು ನೆನಪಿಟ್ಟು, ಫೋನ್ ಮಾಡಿ ಎಚ್ಚರಿಸುವವರು ಭಾವ.

ಇದರ ಮಧ್ಯಕ್ಕೆ ಗಣಕೀಕರಣ ಬಂತು. ದೇಶದ ಇಂಥ ಸೊಸೈಟಿಗಳನ್ನೆಲ್ಲ ಒಂದೇ ಸಾಫ್ಟ್‌ವೇರಿಗೆ ತರುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ಆಗಿನ ಲೆಕ್ಕ 63,000 ಸಂಘ, 2,516 ಕೋಟಿ ರೂಪಾಯಿ. ಯೋಜನೆ ಒಳ್ಳೆಯದೇ. ದಿನದ ಲೆಕ್ಕದ ಕಿರ್ದಿ ಬರೆದು, ಅದನ್ನು ಖಾತೆಗೆ ಏರಿಸಿ, ತಿಂಗಳ ಕೊನೆಗೆ ತೇರೀಜು (ಎಲ್ಲ ಖಾತೆಗಳ ತಾಳೆಪಟ್ಟಿ) ಕೂಡದೆ ರಾತ್ರಿ ಹನ್ನೊಂದರವರೆಗೆ ಮೂರು ರೂಪಾಯಿ ಹುಡುಕಿದವರಿಗೆ ಅದರ ಬೆಲೆ ಗೊತ್ತು. ಸಾಫ್ಟ್‌ವೇರ್ ಮೇಲೆ ನನ್ನ ದೂರು ಏನೂ ಇಲ್ಲ. ಈ ಪ್ರಕರಣದಲ್ಲಿ ಕೆಟ್ಟದ್ದು ನಾವು ಅದನ್ನು ತಂದ ರೀತಿ.

ನಾನು ಮಾಡಿದ್ದು

ಮೊದಲ ತಪ್ಪು, ತರಬೇತಿಗೆ ಹುಡುಗಿಯನ್ನು ಮಾತ್ರ ಕಳಿಸಿದ್ದು. ಭಾವನಿಗೆ ಈ ವಯಸ್ಸಲ್ಲಿ ಎಂತಕ್ಕೆ ಕಷ್ಟ ಅಂದುಕೊಂಡೆ. ಅದನ್ನು ದೊಡ್ಡ ಉಪಕಾರ ಅಂತಲೇ ತಿಳಿದಿದ್ದೆ. ಅವರನ್ನು ಒಂದು ಮಾತು ಕೇಳಲಿಲ್ಲ.

ಎರಡನೆಯದು, ಜನವರಿಯಿಂದ ಎರಡೆರಡು ಕೆಲಸ. ಪುಸ್ತಕವನ್ನೂ ಬರೀಬೇಕು, ಕಂಪ್ಯೂಟರಿಗೂ ಏರಿಸಬೇಕು. ಸದಸ್ಯರ ಹೆಸರು, ಆಧಾರ್, ಪಹಣಿ, ಸರ್ವೆ ನಂಬರು, ಷೇರು, ಠೇವಣಿ, ಸಾಲ. ಮೊದಲು ಐದೂವರೆಗೆ ಬಾಗಿಲು ಹಾಕುತ್ತಿದ್ದ ಆಫೀಸು ಎಂಟಕ್ಕೆ ಹಾಕತೊಡಗಿತು. ಹುಡುಗಿಯ ಊರಿಗೆ ಕೊನೆಯ ಬಸ್ಸು ಆರೂವರೆಗೆ. ಅವಳ ಅಣ್ಣ ದಿನಾ ಬೈಕಿನಲ್ಲಿ ಬಂದು ಕಾದು ಕೂರುತ್ತಿದ್ದ. ಮೂರು ವಾರ ನಾನು ಅದನ್ನು ನೋಡಿದೆ, ‘ಪಾಪ, ಒಳ್ಳೆ ಅಣ್ಣ’ ಅಂದುಕೊಂಡೆ, ಅಷ್ಟೇ. ಹೊಸ ಕೆಲಸ ಹೊರಿಸಿದೆ, ಹಳೆಯದರಲ್ಲಿ ಒಂದು ಎಳೆಯನ್ನೂ ಇಳಿಸಲಿಲ್ಲ. ಕೇಳಿದರೆ ನನ್ನ ಹತ್ತಿರ ಉತ್ತರ ಇತ್ತು: ಎರಡು ತಿಂಗಳು, ಹಲ್ಲು ಕಚ್ಚಿ ಮಾಡೋಣ.

ಮೂರನೆಯದು ದೊಡ್ಡದು. ಮಾರ್ಚ್ ಮೊದಲ ವಾರ ಬಾಕಿ ನೋಟಿಸುಗಳನ್ನು ಕಂಪ್ಯೂಟರಿಂದಲೇ ಮುದ್ರಿಸಿ ಕಳಿಸಲು ಹೇಳಿದೆ. ಕೈಯಲ್ಲಿ ಬರೆದರೆ ನಾಲ್ಕು ದಿನ, ಇದರಲ್ಲಿ ಒಂದು ಗಂಟೆ. ಏರಿಸಿದ ಲೆಕ್ಕವನ್ನು ಯಾರೂ ತಾಳೆ ನೋಡಿರಲಿಲ್ಲ. ಭಾವ ಒಮ್ಮೆ, ‘ಒಂದ್ಸಲ ಕಣ್ಣು ಹಾಯಿಸಿ ಕಳಿಸಿದ್ರೆ ಚೊಲೋದಿತ್ತು’ ಅಂದದ್ದು ನೆನಪಿದೆ. ನಾನು ಅದನ್ನು ಕಂಪ್ಯೂಟರಿನ ಮೇಲಿನ ಅಪನಂಬಿಕೆ ಅಂತ ತಿಳಿದೆ.

ಕೌಂಟರಿನ ಮುಂದೆ

ಒಂದು ಸೋಮವಾರ, ಹನ್ನೊಂದು ಗಂಟೆ, ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ. ಒಬ್ಬ ಸದಸ್ಯರು ನೋಟಿಸ್ ಹಿಡಿದು ಬಂದರು. ದನಿ ಏರಿತ್ತು.

“ಎಂತದಾ ಇದು? ಆನು ದುಡ್ಡು ತುಂಬಿ ಎಂಟು ದಿನ ಆತು. ಬಾಕಿ ಇದ್ದು ಹೇಳಿ ಕಾಗದ ಬೈಂದು!”

ಅವರು ತುಂಬಿದ್ದು ಭಾವನಿಗೆ ಚೆನ್ನಾಗಿ ಗೊತ್ತು. ಆವತ್ತು ಅವರ ಕೈಯಿಂದಲೇ ರಸೀದಿ ಹೋಗಿತ್ತು. “ತುಂಬಿದ್ದೀರಿ, ಪುಸ್ತಕದಲ್ಲೇ ತೋರಿಸ್ತೇನೆ” ಅಂದು ದಪ್ಪ ಖಾತೆ ತೆಗೆದು ಪುಟ ಬಿಚ್ಚಿದರು. ಆ ಪುಟದಲ್ಲಿ ಜಮೆ ಇರಲಿಲ್ಲ.

ಕಾರಣ ಸುಲಭದ್ದು. ಎಂಟು ಹತ್ತು ದಿನದಿಂದ ಎಲ್ಲರನ್ನೂ ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಹಚ್ಚಿದ್ದೆ. ವೋಚರುಗಳು ದಾರ ಕಟ್ಟಿದ ಕಂತೆಯಲ್ಲೇ ಇದ್ದವು. 31 ವರ್ಷದಲ್ಲಿ ಮೊದಲ ಸಲ ಆ ಪುಸ್ತಕ ಹಿಂದೆ ಬಿದ್ದಿತ್ತು. ಭಾವ ಖಾಲಿ ಗೆರೆಯ ಮೇಲೆ ಬೆರಳಿಟ್ಟು ಹಾಗೇ ನಿಂತರು. ಬೆರಳು ಎತ್ತಲೇ ಇಲ್ಲ.

ಆಗ ನಾನು ಒಳಗಿನಿಂದ ಬಂದು, ಅಷ್ಟೂ ಜನರ ಎದುರು ಕೇಳಿದೆ: “ಭಾವ, ಪುಸ್ತಕ ಬರೆದಿಲ್ವಾ?”

ಈ ಇಡೀ ಪ್ರಕರಣದಲ್ಲಿ ನಾನು ವಾಪಸ್ ತಗೊಳ್ಳಬೇಕು ಅನಿಸುವ ಮಾತು ಯಾವುದು ಅಂದರೆ ಇದೇ. ಮೂರು ಪದ. ಅವರು ಪುಸ್ತಕ ಮುಚ್ಚಿದರು. ಮರುದಿನ ಬೆಳಿಗ್ಗೆ ಗಾಜಿನ ಗುಂಡಿನ ಅಡಿಗೆ ಅರ್ಜಿ.

ನೋಟಿಸ್ ತಪ್ಪಿದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಆ ಊರಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರು. ತಂದೆಯ ಹೆಸರೂ ಒಂದೇ, ಮನೆತನದ ಹೆಸರೂ ಒಂದೇ. ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವ ಊರುಗಳಲ್ಲಿ ಇದೇನು ಹೊಸದಲ್ಲ. ಒಬ್ಬರ ಮನೆ ಮೇಲಿನಕೇರಿ, ಇನ್ನೊಬ್ಬರದು ಕೆಳಗಿನಕೇರಿ. ಭಾವ ಪುಸ್ತಕದ ಮೂಲೆಯಲ್ಲಿ ಪೆನ್ಸಿಲಿನಿಂದ ‘ಮೇ’, ‘ಕೆ’ ಅಂತ ಗುರುತು ಹಾಕಿದ್ದರು. ರಾತ್ರಿ ಎಂಟು ಗಂಟೆಗೆ, ಹೊರಗೆ ಅಣ್ಣ ಕಾಯುತ್ತಿರುವಾಗ, ಹುಡುಗಿಗೆ ಆ ಪೆನ್ಸಿಲ್ ಗುರುತು ಏನು ಅಂತ ಹೊಳೆಯೋದು ಹೇಗೆ? ಒಬ್ಬರು ತುಂಬಿದ ದುಡ್ಡು ಇನ್ನೊಬ್ಬರ ಖಾತೆಗೆ ಜಮೆ ಆಗಿತ್ತು.

ಆ ಇನ್ನೊಬ್ಬರು ಸುಮ್ನೆ ಇದ್ದರು. ಆಮೇಲೆ ವಿಚಾರಿಸಿದರೆ, “ಬಾಕಿ ಇಲ್ಲ ಅಂತ ಬಂತು, 2018ರ ಹಾಗೆ ಮತ್ತೊಂದು ಸಾಲ ಮನ್ನಾ ಆಯ್ತೇನೋ ಅಂದುಕೊಂಡೆ” ಅಂದರು. ನಗು ಬಂತು, ನಗುವ ಸ್ಥಿತಿ ಇರಲಿಲ್ಲ.

ಜಗಲಿಯ ಮೇಲೆ

ಮೂರನೇ ದಿನ ಸಂಜೆ ಭಾವನ ಮನೆಗೆ ಹೋದೆ. ಅಂಗಳದಲ್ಲಿ ಚಾಲಿ ಒಣಗುತ್ತಿತ್ತು. ಅವರು ಕಾಲಲ್ಲಿ ಅಡಿಕೆ ಎಳೆಯುತ್ತಿದ್ದರು, ಅಂಗಳದ ಆ ತುದಿಯಿಂದ ಈ ತುದಿಗೆ. ನನ್ನನ್ನು ನೋಡಿದರೂ ಸಾಲು ಮುಗಿಸಿಯೇ ಬಂದರು. ಅತ್ತಿಗೆ ಮಜ್ಜಿಗೆ ತಂದಿಟ್ಟರು. ಎಲೆಯಡಿಕೆಯ ಕವಳದ ಹರಿವಾಣ ಬಂತು. ತುಂಬಾ ಹೊತ್ತು ಅಡಿಕೆ ರೇಟಿನ ಮಾತೇ ಆಯಿತು.

ಆಮೇಲೆ ನಾನೇ ಅಂದೆ. “ಅವತ್ತು ಎಲ್ಲರ ಎದುರು ಕೇಳಬಾರದಿತ್ತು. ಪುಸ್ತಕ ಹಿಂದೆ ಬಿದ್ದದ್ದು ನನ್ನಿಂದ.”

ಅವರು ಕವಳ ಉಗಿದು ಬಂದು ಕೂತು ಹೇಳಿದರು. ನಮ್ಮ ಮನೆಮಾತಲ್ಲಿ ಹೇಳಿದ್ದು, ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ.

“ಕಂಪ್ಯೂಟರ್ ಕಂಡರೆ ನಂಗೆ ಹೆದರಿಕೆ ಅಂತ ನೀನು ತಿಳ್ಕೊಂಡಿದೀಯ. ಹೆದರಿಕೆ ಎಂತದೂ ಇಲ್ಲ ಮಾರಾಯ, ಮೊಮ್ಮಗಳ ಹತ್ರ ಮೊಬೈಲ್ ಕಲ್ತಿದ್ದೇನೆ. ಜನ ಬಂದು ಬಾಕಿ ಎಷ್ಟು ಅಂತ ಕೇಳ್ತಾರೆ. ನಾನು ಬಾಯಿ ಬಿಡೋ ಮೊದ್ಲು ಆ ಹುಡುಗಿ ಪರದೆ ನೋಡಿ ಹೇಳ್ತಾಳೆ. ತಪ್ಪು ಹೇಳಿದ್ರೂ ಜನ ಅದನ್ನೇ ನಂಬ್ತಾರೆ. ನಾನಲ್ಲಿ ಕೂತಿದ್ದು ಎಂತಕ್ಕೆ ಹೇಳು?”

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. “ತರಬೇತಿಗೆ ಕರೀಲಿಲ್ಲ. ನೋಟಿಸ್ ನೋಡಿ ಕಳ್ಸು ಅಂದೆ, ಕೇಳ್ಲಿಲ್ಲ. ಪುಸ್ತಕ ಬರೆಯೋಕೆ ಬಿಡ್ಲಿಲ್ಲ. ಆಮೇಲೆ ಪುಸ್ತಕ ಬರೆದಿಲ್ವಾ ಅಂತ ಕೇಳ್ತೀಯ.”

ವಾಪಸ್ ಬರುವಾಗ ದಾರಿಯಲ್ಲಿ ಒಂದು ವಿಷಯ ಹೊಳೆಯಿತು. ಮಾರ್ಚ್ ಎಂಡ್ ನಮಗೆ ಯಾವತ್ತೂ ಕಷ್ಟದ್ದೇ. ರಾತ್ರಿ ಹತ್ತರವರೆಗೆ ಕೂತದ್ದು, ಚಾಪೆ ಹಾಸಿ ಅಲ್ಲೇ ಮಲಗಿದ್ದೂ ಉಂಟು. ಆದರೂ ಯಾರೂ ರಜೆ ಅರ್ಜಿ ಕೊಟ್ಟಿರಲಿಲ್ಲ. ಆ ಕಷ್ಟದಲ್ಲಿ ಒಂದು ಗತ್ತು ಇತ್ತು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರು ಏನು ಮಾಡೋದು, ಎಲ್ಲ ಅವರ ಕೈಯಲ್ಲೇ ಇತ್ತು. ಈ ಸಲ ಕೆಲಸವೂ ಜಾಸ್ತಿ, ಕೈಯಲ್ಲಿ ಹಿಡಿತವೂ ಇಲ್ಲ.

ಓದಿ ತಿಳಿದವರು ಇದನ್ನು ಬಹಳ ಹಿಂದೆಯೇ ಹೇಳಿದ್ದಾರಂತೆ. ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕ 1979ರಲ್ಲಿ ಬರೆದದ್ದು ಹೆಚ್ಚು ಕಡಿಮೆ ಇದೇ. ಬರೀ ಕೆಲಸದ ಹೊರೆ ಮನುಷ್ಯನನ್ನು ಅಷ್ಟು ಹಣ್ಣು ಮಾಡೋದಿಲ್ಲ. ಹೊರೆ ಜಾಸ್ತಿ ಇದ್ದು, ಹೇಗೆ ಮಾಡಬೇಕು ಅನ್ನೋದರಲ್ಲಿ ತನ್ನ ಮಾತು ನಡೆಯದಿದ್ದಾಗ ಜಾಸ್ತಿ ಬಳಲುತ್ತಾನೆ. ಆಮೇಲೆ ಬಂದವರು ಮೂರನೆಯದೊಂದನ್ನು ಸೇರಿಸಿದರು, ಜೊತೆಯಲ್ಲಿರುವವರ ಆಸರೆ. ನಾನು ಇದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಓದಿದ್ದರೂ ಹುಡುಗಿಯ ಅಣ್ಣನನ್ನು ನೋಡಿ ‘ಪಾಪ’ ಅಂತಲೇ ಅಂದುಕೊಳ್ಳುತ್ತಿದ್ದೆನೇನೋ.

ಗಡುವು

ಆಡಳಿತ ಮಂಡಳಿಯ ತುರ್ತು ಸಭೆ ಕರೆದರು. ಒಬ್ಬ ನಿರ್ದೇಶಕರು, ಹುಡುಗಿಗೂ ಭಾವನಿಗೂ ಕಾರಣ ಕೇಳಿ ನೋಟಿಸ್ ಕೊಡಿ ಅಂದರು. ನಾನು, “ಕೊಡೋದಾದರೆ ನನಗೆ ಕೊಡಿ, ತಾಳೆ ನೋಡದೆ ಕಳಿಸಿ ಅಂತ ಹೇಳಿದವನು ನಾನು” ಅಂದೆ. ಸಭೆ ಸ್ವಲ್ಪ ಹೊತ್ತು ತಣ್ಣಗಾಯಿತು. ಅಧ್ಯಕ್ಷರು ವಯಸ್ಸಾದವರು. “ಸರಿ, ಮುಂದೆಂತ ಮಾಡ್ತೆ ಹೇಳು” ಅಂದರು.

ನಾನು ಕೇಳಿದ್ದು ಒಂದೇ. ಮಾರ್ಚ್ 31ರವರೆಗೆ ಕಂಪ್ಯೂಟರಿಗೆ ಏರಿಸುವ ಕೆಲಸ ಪೂರ್ತಿ ಬಂದ್. ಪುಸ್ತಕ ಮುಗಿಸಿ, ವರ್ಷದ ಅಖೈರು ಬಾಕಿ ತಾಳೆ ಮಾಡಿ, ಆ ತಾಳೆಯಾದ ಬಾಕಿಯನ್ನು ಏಪ್ರಿಲ್‌ನಲ್ಲಿ ಏರಿಸೋಣ. ಮೇಲಿನ ಬ್ಯಾಂಕು, ಅಂದರೆ ಸೊಸೈಟಿಗೆ ಸಾಲ ಕೊಡುವ ಜಿಲ್ಲಾ ಸಹಕಾರಿ ಬ್ಯಾಂಕು, ಒಪ್ಪಲ್ಲ ಅಂತ ಎಲ್ಲರೂ ಹೇಳಿದರು. ನಾನೂ ಮೂರು ತಿಂಗಳು ಹಾಗೇ ಅಂದುಕೊಂಡಿದ್ದೆ. ಮಾರನೆ ದಿನ ಫೋನ್ ಮಾಡಿದರೆ ಅಲ್ಲಿನ ಮೇಲ್ವಿಚಾರಕರು, “ವರ್ಷಾಂತ್ಯದ ಬಾಕಿ ಕೂಡಿಸಿ ಏರಿಸಿದರೆ ನಮಗೂ ಸಲೀಸು, ಬರವಣಿಗೆಯಲ್ಲಿ ಒಂದು ಕಾಗದ ಕೊಡಿ” ಅಂದರು. ನಾಲ್ಕು ನಿಮಿಷದ ಫೋನು. ಅಷ್ಟು ದಿನ ನಾನು ಆಫೀಸಿನವರನ್ನು ಹೆದರಿಸುತ್ತಿದ್ದ ಗಡುವು, ನಾನು ಕೇಳದೆ ಬಿಟ್ಟಿದ್ದಕ್ಕೆ ಮಾತ್ರ ಅಷ್ಟು ಗಟ್ಟಿಯಾಗಿತ್ತು.

ಅದೇ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ ಬೇರೆ. ಎರಡು ವರ್ಷಕ್ಕೊಮ್ಮೆ ಬರುವ ಒಂಬತ್ತು ದಿನದ ಜಾತ್ರೆ. ತಾಲೂಕಿನ ಪ್ರತಿ ಮನೆಯಲ್ಲೂ ನೆಂಟರು. ಅಮ್ಮ ಶಿರಸಿ ಪೇಟೆಯ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಿರುವಾಗ ಊರವರನ್ನು ಆಫೀಸಿನಲ್ಲಿ ಕಟ್ಟಿ ಕೂರಿಸೋದು ಆಗದ ಮಾತು. ಹೋದ ಜಾತ್ರೆಗಳಲ್ಲಿ ನಾವು ಅದನ್ನೇ ಮಾಡುತ್ತಿದ್ದೆವು. ಎಲ್ಲರೂ ಏನೋ ನೆಪ ಹೇಳಿ ಮಧ್ಯಾಹ್ನ ಮಾಯ ಆಗುತ್ತಿದ್ದರು. ಈ ಸಲ ಒಬ್ಬೊಬ್ಬರಿಗೂ ಒಂದೊಂದು ಪೂರ್ತಿ ದಿನ ರಜೆ, ಸರದಿಯಲ್ಲಿ. ‘ಮಾರ್ಚ್ ಎಂಡಲ್ಲಿ ರಜೆಯಾ?’ ಅಂತ ಒಬ್ಬ ನಿರ್ದೇಶಕರು ಫೋನ್ ಮಾಡಿ ಕೇಳಿದರು. ಕ್ಯಾಶ್ ಅಕ್ಕ ಮೊಮ್ಮಕ್ಕಳನ್ನು ಜಾತ್ರೆಯಲ್ಲಿ ತೊಟ್ಟಿಲಿಗೆ ಹತ್ತಿಸಿ ಬಂದರು. ಆವತ್ತು ಕ್ಯಾಶಿಗೆ ನಾನು ಕೂತೆ. ಸಂಜೆ ಶಿಲ್ಕು (ಕೈಯಲ್ಲುಳಿದ ನಗದು) 500 ರೂಪಾಯಿ ಕಡಿಮೆ ಬಂತು. ಕೈಯಿಂದ ಹಾಕಿದೆ. ಮರುದಿನ ಅಕ್ಕ ಅದನ್ನು ಕೇಳಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಭಾವ ಹದಿನೈದರ ಬದಲು ಐದೇ ದಿನಕ್ಕೆ ಬಂದರು. ನಾನು ಕರೆಯಲಿಲ್ಲ. ‘ಪುಸ್ತಕ ಪೂರ್ತಿ ಮಾಡ್ಬೇಕಲ್ಲ’ ಅಂದರು, ಅಷ್ಟೇ.

ಆ ವರ್ಷ ಮಾರ್ಚ್ 31 ಭಾನುವಾರ ಬಿದ್ದಿತ್ತು. ರಾತ್ರಿ ಒಂಬತ್ತೂವರೆಗೆ ತೇರೀಜು ಕೂಡಿತು. ಪ್ರತಿ ಖಾತೆಯ ಕೊನೆ ಗೆರೆಯಲ್ಲಿ ‘ಮುಂದಿನ ಪುಟಕ್ಕೆ’ ಅಂತ ಬರೆಯೋದು ವಾಡಿಕೆ. ಭಾವ ಪೆನ್ನು ಹಿಡಿದು ಸ್ವಲ್ಪ ಯೋಚಿಸಿ, ‘ಮುಂದೆ ಕಂಪ್ಯೂಟರಿಗೆ’ ಅಂತ ಬರೆದರು. ಕೆಂಪು ಶಾಯಿಯಲ್ಲಿ.

ಎರಡು ಕುರ್ಚಿ, ಒಂದು ನೋಟ್‌ಬುಕ್

ಏಪ್ರಿಲ್‌ನಿಂದ ಮಾಡಿದ ಬದಲಾವಣೆ ಯಾವುದೂ ದೊಡ್ಡದಲ್ಲ.

ಮೊದಲಿಗೆ ಏನೇನು ಬಿಡೋದು ಅಂತ ಪಟ್ಟಿ ಮಾಡಿದೆವು. ಹಿಂದೆ ಯಾವುದೋ ಕಾಲದಲ್ಲಿ ಯಾರೋ ಕೇಳಿದ್ದಕ್ಕೆ ಶುರುವಾಗಿ, ಆಮೇಲೆ ಯಾರೂ ತೆರೆದು ನೋಡದ ಮೂರು ರಿಜಿಸ್ಟರ್ ಸಿಕ್ಕಿದವು. ಲೆಕ್ಕಪರಿಶೋಧಕರನ್ನು ಕೇಳಿ ನಿಲ್ಲಿಸಿದೆವು. ಕೌಂಟರು ಮಧ್ಯಾಹ್ನ ಮೂರಕ್ಕೆ ಬಂದ್ ಅಂತ ಬೋರ್ಡು ಹಾಕಿದೆವು, ಏಪ್ರಿಲ್ ಮತ್ತು ಮೇ ಎರಡು ತಿಂಗಳಿಗೆ. ಜನ ಬೈದರು. ಬೈಯುವವರು ಸೀದಾ ನನ್ನ ಹತ್ತಿರ ಬರಲಿ ಅಂತ ನನ್ನ ಮೇಜನ್ನು ಒಳಗಿನ ಕೋಣೆಯಿಂದ ಬಾಗಿಲ ಹತ್ತಿರ ತಂದಿಟ್ಟೆ. ಆರು ಗಂಟೆಗೆ ಎಲ್ಲರೂ ಎದ್ದು ಹೊರಡಬೇಕು. ಹುಡುಗಿಗೆ ಬಸ್ಸು ಸಿಗತೊಡಗಿತು.

ಕಂಪ್ಯೂಟರಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಹುಡುಗಿ, ಪಕ್ಕದಲ್ಲಿ ಪುಸ್ತಕ ಹಿಡಿದ ಭಾವ. ಭಾವ ಓದಿ ಹೇಳೋದು, ಅವಳು ಏರಿಸೋದು, ಮತ್ತೆ ಅವಳು ಓದೋದು, ಭಾವ ಪುಸ್ತಕದಲ್ಲಿ ಟಿಕ್ ಹಾಕೋದು. ಈ ಕೆಲಸಕ್ಕೆ ಕೂತ ಮೇಲೆ ಗೊತ್ತಾಯಿತು, ಸಾಫ್ಟ್‌ವೇರಿಗೆ ಬೇಕಾದ ಅರ್ಧ ವಿಷಯ ಯಾವ ಪುಸ್ತಕದಲ್ಲೂ ಇಲ್ಲ, ಭಾವನ ತಲೆಯಲ್ಲಿದೆ. ಯಾರು ತೀರಿಕೊಂಡಿದ್ದಾರೆ, ಯಾರ ಖಾತೆ ಇನ್ನೂ ಅಪ್ಪನ ಹೆಸರಲ್ಲಿದೆ, ಯಾವ ಅಣ್ಣತಮ್ಮಂದಿರಲ್ಲಿ ಹಿಸ್ಸೆ ಆಗಿಯೂ ಪಹಣಿ ಒಟ್ಟಿಗೇ ಇದೆ, ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಗಳ ಆಧಾರ್‌ನಲ್ಲಿ ಯಾವ ಹೆಸರಿದೆ. ಹುಡುಗಿ ಒಂದು ದಿನ ಕೇಳಿದಳು, “ಸರ್, ಈ ‘ಮೇ’, ‘ಕೆ’ ಥರ ಇನ್ನೆಷ್ಟು ಗುರುತು ಉಂಟು?” ಭಾವ ಬೆರಳು ಮಡಿಚಿ ಎಣಿಸಿದರು. ಹದಿನಾಲ್ಕು. ಅವಳು ಅಷ್ಟನ್ನೂ ಬರೆದುಕೊಂಡು, ಪ್ರತಿ ಸದಸ್ಯರ ವಿಳಾಸದಲ್ಲಿ ಕೇರಿ ಮತ್ತು ಮನೆ ಹೆಸರು ಸೇರಿಸಿದಳು. ಮೇ ಕೊನೆಯ ಹೊತ್ತಿಗೆ ಅವರು ಒಮ್ಮೊಮ್ಮೆ ಕುರ್ಚಿ ಅದಲುಬದಲು ಮಾಡಿ ಕೂರುತ್ತಿದ್ದರು. ನಾನು ಹೇಳಿದ್ದಲ್ಲ.

ನೋಟ್‌ಬುಕ್ಕಿನ ಕತೆ ಬೇರೆ. ನೂರು ಪುಟದ ಒಂದು ಪುಸ್ತಕ ತಂದು, ಮೇಲೆ ‘ತಪ್ಪು’ ಅಂತ ಬರೆದು ಮೇಜಿನ ಮೇಲಿಟ್ಟೆ. ಯಾರಿಗೆ ಯಾವ ತಪ್ಪು ಕಂಡರೂ ಬರೀಬೇಕು, ಯಾರು ಮಾಡಿದ್ದು ಅಂತ ಬರೀಬಾರದು. ನಾಲ್ಕು ದಿನ ಪುಸ್ತಕ ಖಾಲಿ. ಐದನೇ ದಿನ ನಾನೇ ಮೊದಲ ನಮೂದು ಬರೆದೆ, ಆ ನೋಟಿಸ್ ವಿಷಯ, ನನ್ನ ಹೆಸರು ಹಾಕಿಯೇ. ಮಧ್ಯಾಹ್ನ ಊಟದಿಂದ ಬಂದು ನೋಡಿದರೆ ಕೆಳಗೆ ಮತ್ತೆರಡು ಸೇರಿದ್ದವು. ಒಂದು ಕ್ಯಾಶ್ ಅಕ್ಕನ ಕೈಬರಹ: ‘500 ಶಿಲ್ಕು ಕಡಿಮೆ. ಸೆಕ್ರೆಟ್ರಿ ಕೂತ ದಿನ.’

ಏಪ್ರಿಲ್‌ನಲ್ಲಿ ಬರೀ ಐದಾರು ತಪ್ಪು ಇದ್ದದ್ದು ಮೇ ತಿಂಗಳಲ್ಲಿ ನಲವತ್ತರ ಹತ್ತಿರ ಹೋಯಿತು. ಅಧ್ಯಕ್ಷರು ಪುಟ ತಿರುವಿ ಗಾಬರಿಯಾದರು. ನನಗೂ ಒಂದು ಕ್ಷಣ ಹೌಹಾರಿತು. ಆದರೆ ಅವೆಲ್ಲ ನೋಟಿಸ್ ಆಗಿ ಹೊರಗೆ ಹೋಗುವ ಮೊದಲೇ ಸಿಕ್ಕ ತಪ್ಪುಗಳು. 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿಗೆ ಇಂಥದ್ದೇ ಒಂದು ಅನುಭವ ಆಗಿತ್ತು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ನರ್ಸ್ ತಂಡಗಳಲ್ಲಿ ಔಷಧ ಕೊಡುವ ತಪ್ಪು ಕಡಿಮೆ ಇರಬಹುದು ಅಂತ ಎಣಿಸಿದರೆ, ದಾಖಲಾದ ತಪ್ಪು ಅಲ್ಲೇ ಜಾಸ್ತಿ. ಆಮೇಲೆ ಅವರಿಗೆ ಗೊತ್ತಾದದ್ದು, ಆ ತಂಡದವರು ಹೆದರದೆ ಹೇಳುತ್ತಿದ್ದರು ಅಂತ. ಅಧ್ಯಕ್ಷರಿಗೆ ಇದನ್ನು ವಿವರಿಸಲಿಲ್ಲ. ಜೂನ್‌ವರೆಗೆ ತಡೆಯಿರಿ ಅಂದೆ. ತಡೆದರು.

ಗೋದಾಮಿನವನ ವಿಷಯ

ಇಲ್ಲಿಗೆ ನಿಲ್ಲಿಸಿದರೆ ಚೆಂದ ಕಾಣುತ್ತಿತ್ತು. ಆದರೆ ಮೇ ಕೊನೆಗೆ ನಮ್ಮ ಗೋದಾಮಿನವ ಕೆಲಸ ಬಿಟ್ಟ.

ಮೇ ತಿಂಗಳು ಅವನಿಗೆ ಉಸಿರಾಡಲೂ ಪುರುಸೊತ್ತು ಇಲ್ಲದ ಹೊತ್ತು. ಮಳೆಗೆ ಮುಂಚೆ ಎಲ್ಲರಿಗೂ ಮೈಲುತುತ್ತ, ಸುಣ್ಣ, ಗೊಬ್ಬರ ಬೇಕು. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅಡಿಕೆ ಕಾಯಿ ಉಳಿಯೋದಿಲ್ಲ. ಅದೇ ಹೊತ್ತಿಗೆ ದಾಸ್ತಾನು ಲೆಕ್ಕವೂ ಕಂಪ್ಯೂಟರಿಗೆ ಬಂತು. ಚೀಲ ಎಣಿಸಲು ಇಬ್ಬರು ನಿರ್ದೇಶಕರು ಹೋದರು. ಲೆಕ್ಕ ಏರಿಸುವ ಮೊದಲು ಎಣಿಸಲೇಬೇಕು, ಅದು ಕ್ರಮ. ಹಾಗಂತ ಅವನಿಗೆ ಯಾರೂ ಹೇಳಿರಲಿಲ್ಲ. ತನ್ನನ್ನು ಕಳ್ಳ ಅಂತ ತಿಳಿದು ಎಣಿಸಲು ಬಂದರು ಅಂದುಕೊಂಡ. ಎರಡು ವಾರ ಬಾಯಿ ಬಿಡಲಿಲ್ಲ. ಅವನು ಮೊದಲೂ ಹೆಚ್ಚು ಮಾತಾಡುವವನಲ್ಲ, ಹಾಗಾಗಿ ನಮಗೆ ವ್ಯತ್ಯಾಸವೇ ಕಾಣಲಿಲ್ಲ.

ನಾವು ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ನಿಂತು ಚಾ ಕುಡಿಯುತ್ತ ಆ ದಿನದ ಕೆಲಸ ಮಾತಾಡುವ ರೂಢಿ ಶುರು ಮಾಡಿದ್ದೆವು. ಗೋದಾಮು ರಸ್ತೆಯ ಆಚೆ. ಅವನ ಚಾ ಅಲ್ಲಿಗೇ ಹೋಗುತ್ತಿತ್ತು. ಏಳು ಜನ ಅಂತ ಹೇಳುತ್ತ ಆರು ಜನಕ್ಕೆ ಸಭೆ ಮಾಡಿದ್ದೆ.

ಈಗ ಅವನು ಪೇಟೆಯ ಒಂದು ಅಡಿಕೆ ವಖಾರಿಯಲ್ಲಿದ್ದಾನೆ. ಸಿಕ್ಕಿದರೆ ನಗುತ್ತಾನೆ, ಮಾತು ಬೆಳೆಸೋದಿಲ್ಲ. ಎಣಿಕೆಯಲ್ಲಿ ಒಂದು ಚೀಲವೂ ಕಡಿಮೆ ಇರಲಿಲ್ಲ.

ಮಳೆಗಾಲ

2024ರ ಜುಲೈ ಮಳೆ ಈ ಜಿಲ್ಲೆಯವರು ಮರೆಯುವಂಥದ್ದಲ್ಲ. 16ನೇ ತಾರೀಕು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಘಟ್ಟದ ಮೇಲೆ ನಮ್ಮ ಕಡೆ ಮರ ಬಿದ್ದು ನಾಲ್ಕು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಾಫ್ಟ್‌ವೇರಿನಲ್ಲಿ ದಿನದ ಲೆಕ್ಕ ತೆರೆಯಲೂ ಆಗದು, ಮುಚ್ಚಲೂ ಆಗದು.

ಮಾರ್ಚ್‌ನ ಹಾಗೆ ಯಾರೂ ಕಂಗಾಲಾಗಲಿಲ್ಲ. ಹುಡುಗಿ ಜೂನ್‌ನಿಂದಲೇ ಪ್ರತಿ ಸಂಜೆ ಬಾಕಿ ಪಟ್ಟಿ ಮುದ್ರಿಸಿ ಫೈಲಿಗೆ ಹಾಕುತ್ತಿದ್ದಳು. ಹಾಕಿಸಿದ್ದು ಭಾವ. ‘ಮಳೆಗಾಲ ಬರ್ತದೆ’ ಅಂತ ಅವರು ಬೆಳಗಿನ ಚಾ ಹೊತ್ತಲ್ಲಿ ಹೇಳಿದ್ದರು. ಈ ಸಲ ನಾನು ಅದನ್ನು ಕಂಪ್ಯೂಟರಿನ ಮೇಲಿನ ಅಪನಂಬಿಕೆ ಅಂತ ತಿಳಿಯಲಿಲ್ಲ. ನಾಲ್ಕು ದಿನ ಕ್ಯಾಂಡಲ್ ಹಚ್ಚಿಕೊಂಡು ಹಳೆ ಕಿರ್ದಿಯಲ್ಲಿ ಬರೆದೆವು. ಐದನೇ ದಿನ ಕರೆಂಟು ಬಂದಾಗ ಮಧ್ಯಾಹ್ನದೊಳಗೆ ಅಷ್ಟನ್ನೂ ಏರಿಸಿ ಮುಗಿಸಿದರು. ಭಾವ ಟೈಪ್ ಮಾಡಿದ್ದು, ಎರಡೇ ಬೆರಳಲ್ಲಿ. ಹುಡುಗಿ ಓದಿ ಹೇಳಿದ್ದು.

ಸೆಪ್ಟೆಂಬರಿನ ಸರ್ವಸಾಧಾರಣ ಸಭೆಯಲ್ಲಿ ಆ ನೋಟಿಸ್ ಹಿಡಿದು ಬಂದ ಸದಸ್ಯರು ಎದ್ದು ನಿಂತರು. ಹೊಗಳುತ್ತಾರೇನೋ ಅಂದುಕೊಂಡೆ. ಕೌಂಟರು ಮೂರಕ್ಕೆ ಮುಚ್ಚಿದ್ದು ಯಾವ ಕಾನೂನಿನಲ್ಲಿದೆ ಅಂತ ಕೇಳಿದರು.

ಮೊನ್ನೆ ಮತ್ತೊಂದು ಸುತ್ತೋಲೆ ಬಂದಿದೆ. ಇನ್ನೊಂದು ಹೊಸ ಸೇವೆ ಶುರು ಮಾಡಬೇಕಂತೆ, ಅದಕ್ಕೆ ಬೇರೆಯದೇ ದಾಖಲೆ, ಬೇರೆಯದೇ ಪೋರ್ಟಲ್. ಬೆಳಿಗ್ಗೆ ಚಾ ಹೊತ್ತಲ್ಲಿ ಓದಿ ಹೇಳಿದೆ. ಚಾ ಈಗ ಗೋದಾಮಿನ ಬಾಗಿಲಲ್ಲೇ ಕುಡಿಯೋದು. ಯಾರೂ ಮಾತಾಡಲಿಲ್ಲ. ಹುಡುಗಿ ಲೋಟ ಕೆಳಗಿಟ್ಟು ಕೇಳಿದಳು.

“ಆಯ್ತು ಸರ್. ಹಾಗಾದ್ರೆ ಯಾವುದನ್ನ ಬಿಡೋದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. “ನಾಳೆ ಹೇಳ್ತೇನೆ ತಂಗಿ” ಅಂದು, ಒಳಗೆ ಬಂದು ಬ್ಯಾಂಕಿಗೆ ಫೋನ್ ಹಚ್ಚಿದೆ.